ಮೈದಾನದ ನಡುವೆ ಇಪ್ಪತ್ತಾರು ವರ್ಷ

(ಕಾರವಾರದಲ್ಲಿ ಶಾಲಾ-ಕಾಲೇಜಿನ ಹುಡುಗಿಯರು, ಪಾಲಕರು ಮತ್ತು ದೈಹಿಕ ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಫುಟ್‌ಬಾಲ್‌ನಲ್ಲಿ ಸ್ಟ್ರೈಕರ್, ಅಂದರೆ ಮುಂದೆ ನಿಂತು ಗೋಲು ಹೊಡೆಯುವ ಜಾಗದಲ್ಲಿ ಆಡುವವರು ಕೈ ಎತ್ತಿ ಅಂದೆ. ಅರ್ಧ ಸಭೆ ಕೈ ಎತ್ತಿತು. ಮಿಡ್‌ಫೀಲ್ಡ್ ಆಡುವವರು, ಮೈದಾನದ ನಡುವೆ ಆಡುವವರು ಎತ್ತಿ ಅಂದರೆ ಅಲ್ಲೊಂದು, ಇಲ್ಲೊಂದು ಕೈ. ಅದೂ ಅರ್ಧಂಬರ್ಧ ಎದ್ದ ಕೈ. ಯಾಕೆ ಅಂತ ನನಗೆ ಗೊತ್ತು. ಗೋಲು ಹೊಡೆದವಳ ಹೆಸರು ಮರುದಿನ ಪೇಪರಿನಲ್ಲಿ ಬರುತ್ತದೆ. ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಅವಳ ಫೋಟೊ ಓಡಾಡುತ್ತದೆ. ಆ ಚೆಂಡು ಅವಳ ಕಾಲಿಗೆ ಹೇಗೆ ಬಂತು ಅಂತ ಯಾರೂ ಕೇಳುವುದಿಲ್ಲ.

ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಕ್ಷಗಾನದಲ್ಲಿ ಚಪ್ಪಾಳೆ ಬೀಳುವುದು ವೇಷಕ್ಕೆ. ಪದ ಯಾವಾಗ ಎತ್ತಬೇಕು, ಕುಣಿತ ಎಷ್ಟು ಬೆಳೆಸಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂದು ತೀರ್ಮಾನಿಸುವವರು ಹಿಂದೆ ಕೂತ ಭಾಗವತರು. ಮಿಡ್‌ಫೀಲ್ಡರ್ ಮಾಡುವ ಕೆಲಸ ಅದೇ. ಆದರೆ ಆಕೆಗೆ ಕೂರುವ ಭಾಗ್ಯ ಇಲ್ಲ. ದೊಡ್ಡ ಮಟ್ಟದ ಒಂದು ಪಂದ್ಯದಲ್ಲಿ ಹತ್ತು ಕಿಲೋಮೀಟರ್ ಸುಮಾರು ಓಡಿರುತ್ತಾಳೆ.

ಇವತ್ತು ನಾನು ಹೇಳಬೇಕೆಂದಿರುವುದು ಅಂಥ ಒಬ್ಬಳ ಕತೆ. ಬ್ರೆಜಿಲ್‌ನ ಮಿರೈಲ್ಡೆಸ್ ಮಾಸಿಯೆಲ್ ಮೋತಾ. ಆ ಹೆಸರಿನಿಂದ ಆಕೆಯನ್ನು ಕರೆಯುವವರು ಕಡಿಮೆ. ಲೋಕಕ್ಕೆಲ್ಲ ಆಕೆ ಫೋರ್ಮಿಗಾ, ಅಂದರೆ ಇರುವೆ. 1995ರಿಂದ 2019ರವರೆಗೆ ಏಳು ವಿಶ್ವಕಪ್ ಆಡಿದವಳು. ಗಂಡಸರಲ್ಲಾಗಲಿ ಹೆಂಗಸರಲ್ಲಾಗಲಿ ಬೇರೆ ಯಾರೂ ಏಳು ವಿಶ್ವಕಪ್ ಆಡಿಲ್ಲ. ಒಲಿಂಪಿಕ್ಸ್‌ಗೆ ಮಹಿಳಾ ಫುಟ್‌ಬಾಲ್ ಬಂದದ್ದು 1996ರಲ್ಲಿ. ಅಲ್ಲಿಂದ ಟೋಕಿಯೊವರೆಗೆ ನಡೆದ ಏಳೂ ಕೂಟಗಳಲ್ಲಿ ಆಕೆ ಇದ್ದಳು.

ಮೊದಲು ಆ ಜಾಗದ ಕೆಲಸ ಏನು ಅಂತ ನೋಡೋಣ ಎಂದು ಮುಂದೆ ಕೂತಿದ್ದ ಇಬ್ಬರು ಹುಡುಗಿಯರನ್ನು ಕರೆದೆ. ಒಬ್ಬಳು ಚೆಂಡು ತಳ್ಳಬೇಕು, ಇನ್ನೊಬ್ಬಳು ತೆಗೆದುಕೊಳ್ಳಬೇಕು. ನೀವೆಲ್ಲ ನೋಡಿದಿರಿ. ಮೊದಲ ಸಲ ಅವಳು ಚೆಂಡಿನ ಮೇಲೇ ಕಣ್ಣಿಟ್ಟು ನಿಂತಳು. ಎದೆ ಚೆಂಡಿನ ಕಡೆ, ಬೆನ್ನು ಎದುರಾಳಿ ಗೋಲಿನ ಕಡೆ. ಚೆಂಡು ಹತ್ತಿರದ ಕಾಲಿಗೆ ಬಂದು ನಿಂತಿತು. ಈಗ ಅವಳಿಗೆ ಇರುವುದು ಒಂದೇ ದಾರಿ, ಬಂದ ಕಡೆಗೇ ವಾಪಸ್ ಕೊಡುವುದು.

ಎರಡನೇ ಸಲ ನಾನು ಅವಳ ಹಿಂದೆ ನಿಂತು ಕೈಬೆರಳು ತೋರಿಸಿದೆ. ಚೆಂಡು ಹೊರಟು ತನ್ನ ಕಾಲಿಗೆ ತಲುಪುವುದರೊಳಗೆ ಎಷ್ಟು ಬೆರಳು ಅಂತ ಹೇಳಬೇಕು. ಹೆಗಲ ಮೇಲಿಂದ ಹಿಂದೆ ನೋಡಿದಳು, "ಮೂರು" ಅಂದಳು. ಹಾಗೆ ತಿರುಗಿ ನೋಡಿದ್ದರಿಂದಲೇ ಅವಳ ಮೈ ಅರ್ಧ ಓರೆಯಾಗಿತ್ತು. ಚೆಂಡನ್ನು ಹತ್ತಿರದ ಕಾಲಿನ ಮುಂದಿನಿಂದ ಹರಿಯಲು ಬಿಟ್ಟು, ದೂರದ ಕಾಲಿನ ಒಳಬದಿಯಿಂದ ಮುಟ್ಟಿದಳು. ಒಂದೇ ಮುಟ್ಟಿಗೆ ಅವಳ ಮುಖ ಗೋಲಿನ ಕಡೆ ಬಂತು. ಈಗ ಎಡಕ್ಕೆ ಕೊಡಬಹುದು, ಬಲಕ್ಕೆ ಕೊಡಬಹುದು, ಸ್ವತಃ ಓಡಬಹುದು. ಅವಳ ಕಾಲಿನ ಬಲ ಎರಡು ನಿಮಿಷದಲ್ಲಿ ಜಾಸ್ತಿ ಆಗಲಿಲ್ಲ. ಬದಲಾಗಿದ್ದು ಕಣ್ಣು ಹೋದ ಜಾಗ.

ನಾರ್ವೆಯ ಸಂಶೋಧಕ ಗೈರ್ ಯೋರ್ಡೆಟ್ ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಚೆಂಡು ಸಿಗುವ ಮುಂಚಿನ ಕೆಲವು ಸೆಕೆಂಡುಗಳಲ್ಲಿ ಮಿಡ್‌ಫೀಲ್ಡರ್‌ಗಳು ಎಷ್ಟು ಸಲ ತಲೆ ತಿರುಗಿಸಿ ನೋಡುತ್ತಾರೆ ಅಂತ ಲೆಕ್ಕ ಹಾಕಿದ್ದಾರೆ. ಜಾಸ್ತಿ ನೋಡುವವರ ಪಾಸ್ ಜಾಸ್ತಿ ಸರಿ ಹೋಗುತ್ತದೆ ಎಂಬುದು ಅವರು ಕಂಡದ್ದು. ಇದಕ್ಕೆ ದುಡ್ಡು ಬೇಡ, ಒಳ್ಳೆ ಮೈದಾನ ಬೇಡ. ಟಾಗೋರ್ ಕಡಲತೀರದ ಮರಳಿನ ಮೇಲೂ ಕಲಿಯಬಹುದು.

ಈಗ ಫೋರ್ಮಿಗಾಳ ಊರಿಗೆ ಹೋಗೋಣ. ಬ್ರೆಜಿಲ್‌ನ ಬಾಹಿಯಾ ರಾಜ್ಯದ ಸಾಲ್ವಡೋರ್. ಸಮುದ್ರ ದಂಡೆಯ ಊರು. 1549ರಿಂದ 1763ರವರೆಗೆ ಪೋರ್ಚುಗೀಸರ ಬ್ರೆಜಿಲ್‌ಗೆ ಅದೇ ರಾಜಧಾನಿ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಮಾತಾಡುತ್ತೇನೆ. ಲಿಸ್ಬನ್ ಮತ್ತು ಗೋವಾ ನಡುವೆ ಓಡಾಡುತ್ತಿದ್ದ ಪೋರ್ಚುಗೀಸ್ ಹಡಗುಗಳಲ್ಲಿ ಎಷ್ಟೋ ಹಡಗು ಸಾಲ್ವಡೋರ್ ಬಂದರಿಗೆ ಹೋಗಿ ನಿಲ್ಲುತ್ತಿದ್ದವು. ಬೇಸಿಗೆಯಲ್ಲಿ ನಾವು ಉಪ್ಪು ಹಚ್ಚಿ ತಿನ್ನುವ ಗೇರುಹಣ್ಣಿನ ಮರ ಮೂಲದಲ್ಲಿ ಬ್ರೆಜಿಲ್‌ನದು. ಪೋರ್ಚುಗೀಸರು ನಮ್ಮ ಕರಾವಳಿಗೆ ತಂದರು. ಅದೇ ಪೋರ್ಚುಗೀಸರು ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ಮಾಡಿ ಬಾಹಿಯಾಕ್ಕೂ ಸಾಗಿಸಿದರು, ಗೋವಾಕ್ಕೂ ತಂದರು. ಬಾಹಿಯಾದಲ್ಲಿ ಅವರ ಸಂತತಿ ಫೋರ್ಮಿಗಾಳಂಥವರು. ಗೋವಾದಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ನಮ್ಮ ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಸಿದ್ದಿಗಳಲ್ಲಿ ಇದೆ. ಯಲ್ಲಾಪುರದ ಕಡೆಯಿಂದ ಬಂದು ಹಿಂದಿನ ಸಾಲಿನಲ್ಲಿ ಕೂತಿರುವ ತಂಗಿಯರೇ, ಈ ಕತೆ ನಿಮಗೆ ಬಹಳ ದೂರದ್ದಲ್ಲ.

ಮತ್ತೆ ದಾರಿಗೆ ಬರುತ್ತೇನೆ. ಫೋರ್ಮಿಗಾ ಹುಟ್ಟಿದ್ದು 1978ರ ಮಾರ್ಚ್ 3ರಂದು. ಅವತ್ತು ಬ್ರೆಜಿಲ್‌ನಲ್ಲಿ ಹೆಂಗಸರು ಫುಟ್‌ಬಾಲ್ ಆಡುವುದು ಕಾನೂನಿಗೆ ವಿರುದ್ಧ. 1941ರಲ್ಲಿ ಸರ್ಕಾರ ಆಜ್ಞೆ ಹೊರಡಿಸಿತ್ತು, ಹೆಣ್ಣಿನ ಸ್ವಭಾವಕ್ಕೆ ಒಗ್ಗದ ಆಟಗಳನ್ನು ಹೆಂಗಸರು ಆಡಬಾರದು ಅಂತ. ಅದು ತೆರವಾಗಿದ್ದು 1979ರಲ್ಲಿ. ಬ್ರೆಜಿಲ್ ಮಾತ್ರ ಹೀಗೆ ಮಾಡಿತು ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ 1920ರ ಡಿಸೆಂಬರ್ 26ರಂದು ಹೆಂಗಸರ ಒಂದು ಪಂದ್ಯ ನೋಡಲು 53 ಸಾವಿರ ಜನ ಸೇರಿದ್ದರು. ಮರುವರ್ಷವೇ ಅಲ್ಲಿನ ಫುಟ್‌ಬಾಲ್ ಸಂಸ್ಥೆ ತನ್ನ ಕ್ಲಬ್‌ಗಳ ಮೈದಾನಕ್ಕೆ ಹೆಂಗಸರು ಕಾಲಿಡದಂತೆ ಮಾಡಿತು. ಆ ನಿಷೇಧ ಸುಮಾರು ಐವತ್ತು ವರ್ಷ ನಡೆಯಿತು.

ಕಾನೂನು ಹೋದ ಮಾತ್ರಕ್ಕೆ ಮನೆ ಬದಲಾಗುತ್ತದಾ? ಇಲ್ಲ. ಫೋರ್ಮಿಗಾ ಗಂಡುಹುಡುಗರ ಜೊತೆ ಬೀದಿಯಲ್ಲಿ ಆಡುವುದು ಮನೆಯ ಅಣ್ಣಂದಿರಿಗೆ ಹಿಡಿಸುತ್ತಿರಲಿಲ್ಲ. ತಾಯಿ ಮಾತ್ರ ಬೆನ್ನಿಗೆ ನಿಂತರು. ಅದೇ ಬಾಹಿಯಾದ ಇನ್ನೊಬ್ಬ ದೊಡ್ಡ ಮಿಡ್‌ಫೀಲ್ಡರ್ ಸಿಸ್ಸಿ. ಚಿಕ್ಕವಳಿದ್ದಾಗ ಆಡಲು ಚೆಂಡಿಲ್ಲದೆ ಗೊಂಬೆಯ ತಲೆ ಕಿತ್ತು ಅದನ್ನೇ ಒದೆಯುತ್ತಿದ್ದಳಂತೆ. ಮುಂದೆ 1999ರ ವಿಶ್ವಕಪ್‌ನಲ್ಲಿ ಏಳು ಗೋಲು ಹೊಡೆದು ಚೀನಾದ ಸುನ್ ವೆನ್ ಜೊತೆ ಅಗ್ರಸ್ಥಾನ ಹಂಚಿಕೊಂಡಳು.

1995ರಲ್ಲಿ ಸ್ವೀಡನ್ ವಿಶ್ವಕಪ್. ಫೋರ್ಮಿಗಾಗೆ ಹದಿನೇಳು. ನಮ್ಮಲ್ಲಿ ಪಿಯುಸಿ ಓದುವ ವಯಸ್ಸು. ಅಲ್ಲಿಂದ ಮುಂದಿನ ಪಟ್ಟಿಯನ್ನು ಬೇಗ ಹೇಳಿಬಿಡುತ್ತೇನೆ. 1999ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ಮೂರನೇ ಸ್ಥಾನ. 2004ರ ಅಥೆನ್ಸ್, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ. ಎರಡೂ ಸಲ ಫೈನಲ್‌ನಲ್ಲಿ ಅಮೆರಿಕ ಎದುರು, ಅದೂ ಹೆಚ್ಚುವರಿ ಸಮಯದಲ್ಲಿ ಸೋಲು. 2007ರ ವಿಶ್ವಕಪ್ ಫೈನಲ್‌ನಲ್ಲಿ ಜರ್ಮನಿ ಎದುರು ಸೋಲು. ಮೂರು ದೊಡ್ಡ ಫೈನಲ್, ಮೂರರಲ್ಲೂ ಚಿನ್ನ ತಪ್ಪಿತು. ಆದರೂ ಮರುವರ್ಷ ಬೂಟು ಕಟ್ಟಿದಳು.

ಆದರೆ ನಾನು ಇವತ್ತು ಬಂದಿರುವುದು ಪದಕದ ಲೆಕ್ಕ ಕೊಡಲಿಕ್ಕಲ್ಲ. ಆ ಪಂದ್ಯಗಳ ನಡುವಿನ ವರ್ಷಗಳಲ್ಲಿ ಆಕೆ ಎಲ್ಲಿ ಆಡುತ್ತಿದ್ದಳು? ಅದು ಮುಖ್ಯ. ಬ್ರೆಜಿಲ್‌ನಲ್ಲಿ ಮಹಿಳೆಯರಿಗೆ ಈಗಿರುವ ರೀತಿಯ ರಾಷ್ಟ್ರೀಯ ಲೀಗ್ ಶುರುವಾದದ್ದೇ 2013ರಲ್ಲಿ. ಅಷ್ಟರಲ್ಲಿ ಆಕೆಗೆ ಮೂವತ್ತೈದು. ಅದಕ್ಕೂ ಮೊದಲು ಸ್ವೀಡನ್‌ಗೆ ಹೋದಳು, ಅಮೆರಿಕಕ್ಕೆ ಹೋದಳು. 2009ರಲ್ಲಿ ಅಮೆರಿಕದ ಎಫ್‌ಸಿ ಗೋಲ್ಡ್ ಪ್ರೈಡ್ ಕ್ಲಬ್‌ಗೆ ಆಡಿದಳು. ಆ ಕ್ಲಬ್ ಮರುವರ್ಷ ಲೀಗ್ ಗೆದ್ದಿತು. ಗೆದ್ದ ವರ್ಷವೇ ಬಾಗಿಲು ಹಾಕಿತು. 2012ರಲ್ಲಿ ಆ ಲೀಗೇ ಮುಚ್ಚಿತು. ಊರಿಗೆ ವಾಪಸ್ ಬಂದು ಸಾವ್ ಜೋಸೆ ಕ್ಲಬ್ ಸೇರಿದಳು. ದಕ್ಷಿಣ ಅಮೆರಿಕದ ಕ್ಲಬ್ ಪಟ್ಟ ಗೆದ್ದಳು.

ಒಬ್ಬ ವೃತ್ತಿಪರ ಆಟಗಾರ್ತಿಯ ಜೀವನ ಅಂದರೆ ಇದು. ಒಂದು ತಂಡ ಮುಗಿದ ಮೇಲೆ ಇನ್ನೊಂದು ತಂಡ ಸಿಗುತ್ತಾ ಇರಬೇಕು. ಕಾಲಿನಲ್ಲಿ ಎಷ್ಟೇ ಆಟ ಇದ್ದರೂ ಮುಂದಿನ ತಂಡ ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ನಾನು ಹೇಳಲು ಬಂದ ಮಾತು ಇಷ್ಟೇ, ಉಳಿದದ್ದೆಲ್ಲ ಇದರ ಉದಾಹರಣೆ.

2015ರ ವಿಶ್ವಕಪ್, ಕೆನಡಾ. ಎದುರಿಗೆ ದಕ್ಷಿಣ ಕೊರಿಯಾ. ಕೊರಿಯಾದ ಆಟಗಾರ್ತಿ ತನ್ನದೇ ಗೋಲ್‌ಕೀಪರ್ ಕಡೆಗೆ ಚೆಂಡನ್ನು ವಾಪಸ್ ತಳ್ಳಿದಳು. ಪಾಸ್‌ನಲ್ಲಿ ಬಲ ಕಡಿಮೆ ಇತ್ತು. ಫೋರ್ಮಿಗಾ ಅದನ್ನು ಮೊದಲೇ ಓದಿದ್ದಳು. ನಡುವೆ ನುಗ್ಗಿ ಚೆಂಡು ಕಸಿದು ಗೋಲು ಹೊಡೆದಳು. ವಯಸ್ಸು 37. ಮಹಿಳಾ ವಿಶ್ವಕಪ್‌ನಲ್ಲಿ ಅಷ್ಟು ವಯಸ್ಸಿನಲ್ಲಿ ಅಲ್ಲಿಯವರೆಗೆ ಯಾರೂ ಗೋಲು ಹೊಡೆದಿರಲಿಲ್ಲ. 37ರಲ್ಲಿ ಕಾಲಿನ ವೇಗ ಇಳಿದಿರುತ್ತದೆ, ಒಪ್ಪಿಕೊಳ್ಳಬೇಕು. ಕಣ್ಣಿನ ವೇಗ ಮಾತ್ರ ಏರಿರುತ್ತದೆ. ಆಗಲೇ ಬೆರಳು ಎಣಿಸಿದೆವಲ್ಲ, ಆ ಅಭ್ಯಾಸದ ಬೆಲೆ ಗೊತ್ತಾಗುವುದು ಆ ವಯಸ್ಸಿನಲ್ಲಿ.

2016ರ ರಿಯೊ ಒಲಿಂಪಿಕ್ಸ್ ಆದ ಮೇಲೆ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದಳು. ಕ್ಲಬ್ ಆಟ ಬಿಡಲಿಲ್ಲ. 38ನೇ ವಯಸ್ಸಿನಲ್ಲಿ ಪ್ಯಾರಿಸ್‌ನ ಪಿಎಸ್‌ಜಿ ಸೇರಿದಳು. 2018ರಲ್ಲಿ ಬ್ರೆಜಿಲ್ ಕೋಚ್ ವಾದಾವ್ ಮತ್ತೆ ಬಾ ಅಂತ ಕರೆದರು. ಹೋದಳು. 41ನೇ ವಯಸ್ಸಿನಲ್ಲಿ ಏಳನೇ ವಿಶ್ವಕಪ್. ಇದು ಹೆಮ್ಮೆಯ ಸಂಗತಿ, ಒಪ್ಪಿದೆ. ನನಗೆ ಇದು ಬೇಸರದ ಸಂಗತಿಯೂ ಹೌದು. ಅಷ್ಟು ದೊಡ್ಡ ದೇಶ, ಫುಟ್‌ಬಾಲನ್ನೇ ಉಸಿರಾಡುವ ದೇಶ, ನಲವತ್ತು ದಾಟಿದವಳನ್ನು ವಾಪಸ್ ಕರೆಯಬೇಕಾಯಿತು. ಮೂವತ್ತೆಂಟು ವರ್ಷ ಬಾಗಿಲು ಮುಚ್ಚಿಟ್ಟು, ಆಮೇಲೂ ಅರ್ಧವೇ ತೆರೆದರೆ ಹೀಗೇ ಆಗುತ್ತದೆ. 2019ರಲ್ಲಿ ಫ್ರಾನ್ಸ್ ಎದುರು ಸೋತ ದಿನ ಫೋರ್ಮಿಗಾಳ ಜೊತೆ ಆಡುತ್ತಿದ್ದ ಮಾರ್ತಾ ಕ್ಯಾಮೆರಾ ಮುಂದೆ ನಿಂತು ತನ್ನ ದೇಶದ ಹುಡುಗಿಯರಿಗೆ ಮಾತಾಡಿದಳು. ಫೋರ್ಮಿಗಾ ಯಾವಾಗಲೂ ಇರುವುದಿಲ್ಲ, ಮಾರ್ತಾ ಇರುವುದಿಲ್ಲ, ಕ್ರಿಸ್ಟಿಯಾನೆ ಇರುವುದಿಲ್ಲ, ಮುಂದಿನದು ನಿಮ್ಮ ಮೇಲಿದೆ ಎಂಬ ಅರ್ಥದ ಮಾತು. ಆ ವಿಡಿಯೊ ಹುಡುಕಿ ನೋಡಿ. ಭಾಷೆ ಗೊತ್ತಿಲ್ಲದಿದ್ದರೂ ಮುಖ ನೋಡಿದರೆ ಸಾಕು. ಅದೇ ವರ್ಷದಿಂದ ಬ್ರೆಜಿಲ್‌ನ ಮೊದಲ ದರ್ಜೆಯ ಪುರುಷರ ಕ್ಲಬ್‌ಗಳು ಮಹಿಳಾ ತಂಡ ಕಟ್ಟಲೇಬೇಕು ಎಂಬ ನಿಯಮ ಬಂತು.

ಪಿಎಸ್‌ಜಿಯಲ್ಲಿ ಆಕೆಯ ಕೊನೆಯ ಸೀಸನ್ 2020-21. ಫ್ರಾನ್ಸ್‌ನಲ್ಲಿ ಲಿಯೋನ್ ಕ್ಲಬ್ ಸತತ ಹದಿನಾಲ್ಕು ಸಲ ಲೀಗ್ ಗೆದ್ದಿತ್ತು. ಆ ವರ್ಷ ಪಿಎಸ್‌ಜಿ ಗೆದ್ದಿತು. ಫೋರ್ಮಿಗಾಗೆ 43.

ಕೊನೆಯ ಅಂತರರಾಷ್ಟ್ರೀಯ ಪಂದ್ಯ ಯಾರ ಎದುರು ಗೊತ್ತಾ? ಭಾರತದ ಎದುರು! 2021ರ ನವೆಂಬರ್ 25, ಅಮೆಜಾನ್ ಕಾಡಿನ ನಡುವಿನ ಮನೌಸ್ ನಗರ. ಮೊದಲ ನಿಮಿಷದಲ್ಲೇ ಬ್ರೆಜಿಲ್ ಗೋಲು ಹೊಡೆಯಿತು. ಎಂಟನೇ ನಿಮಿಷಕ್ಕೆ ಪಂಜಾಬಿನ ಮನೀಷಾ ಕಲ್ಯಾಣ್ ಸಮ ಮಾಡಿದಳು. ಬ್ರೆಜಿಲ್ ನೆಲದಲ್ಲಿ, ಬ್ರೆಜಿಲ್ ಎದುರು, ನಮ್ಮ ಹುಡುಗಿಯ ಗೋಲು. ಆಮೇಲೆ ಬ್ರೆಜಿಲ್ 6-1ರಿಂದ ಗೆದ್ದಿತು. ದ್ವಿತೀಯಾರ್ಧದಲ್ಲಿ ಫೋರ್ಮಿಗಾ ಬದಲಿಯಾಗಿ ಇಳಿದಳು. ಮುಂದಿನ ವರ್ಷ ಮನೀಷಾ ಸೈಪ್ರಸ್‌ನ ಅಪೊಲೊನ್ ಕ್ಲಬ್ ಸೇರಿ ಯುರೋಪಿನ ಚಾಂಪಿಯನ್ಸ್ ಲೀಗ್ ಆಡಿದ ಮೊದಲ ಭಾರತೀಯಳಾದಳು.

ಇನ್ನು ನಮ್ಮ ಕಡೆಯ ಮಾತು. ಭಾರತ 1980ರಲ್ಲಿ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ರನ್ನರ್ ಅಪ್ ಆಗಿತ್ತು. ನಡೆದದ್ದು ನಮ್ಮದೇ ಪಶ್ಚಿಮ ಕರಾವಳಿಯ ಕಲ್ಲಿಕೋಟೆಯಲ್ಲಿ. 1983ರಲ್ಲಿ ಮತ್ತೆ ರನ್ನರ್ ಅಪ್. ಅದೇ ವರ್ಷ ಶಾಂತಿ ಮಲ್ಲಿಕ್‌ಗೆ ಅರ್ಜುನ ಪ್ರಶಸ್ತಿ ಬಂತು. ಆಮೇಲೆ? ಮಹಿಳೆಯರಿಗೆ ರಾಷ್ಟ್ರೀಯ ಲೀಗ್ ಬಂದದ್ದು 2016-17ರಲ್ಲಿ. ಮೂವತ್ತು ವರ್ಷಕ್ಕೂ ಜಾಸ್ತಿ ಅಂತರ. ಆ ಅಂತರದಲ್ಲಿ ಎಷ್ಟು ಹುಡುಗಿಯರು ಬಂದು ಹೋದರೋ.

ನಮ್ಮ ಜಿಲ್ಲೆಯಲ್ಲೂ ಇದು ನಡೆದಿದೆ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಹುಡುಕಿ ಆರಿಸಿ ತರಬೇತಿ ಕೊಟ್ಟಿತು. ಆಫ್ರಿಕಾ ಮೂಲದವರು, ಓಟ ರಕ್ತದಲ್ಲೇ ಇರುತ್ತದೆ ಅನ್ನುವ ನಂಬಿಕೆ ಅದರ ಹಿಂದೆ ಇತ್ತು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಆ ಮಕ್ಕಳು ಗೆದ್ದದ್ದು ಬೆಳಗಾಗೆದ್ದು ಓಡಿದ್ದಕ್ಕೆ, ಸರಿಯಾಗಿ ಊಟ ಮತ್ತು ಕೋಚಿಂಗ್ ಸಿಕ್ಕಿದ್ದಕ್ಕೆ. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತಿತು. ಎಷ್ಟೋ ಮಕ್ಕಳು ವಾಪಸ್ ಊರಿಗೆ ಬಂದರು. ರಕ್ತ ಅದೇ ಇತ್ತಲ್ಲ, ಮತ್ತೆ ಯಾಕೆ ನಿಂತಿತು?

ಅಂಕೋಲಾ ಕಡೆಯ ಒಬ್ಬ ಹುಡುಗಿ ನನ್ನ ಬಳಿ ಆಡುತ್ತಿದ್ದಳು. ಎಡಗಾಲಿನವಳು. ಮಳೆಗಾಲದಲ್ಲಿ ಮೈದಾನದ ತುಂಬ ನೀರು ನಿಂತಾಗ ಚೆಂಡು ಎಲ್ಲರ ಕಾಲ ಬಳಿ ಸಿಕ್ಕಿಕೊಳ್ಳುತ್ತದೆ. ಅವಳು ಮಾತ್ರ ಚೆಂಡಿನ ಕೆಳಗೆ ಕಾಲ್ಬೆರಳು ತೂರಿಸಿ, ಒಂದು ಗೇಣು ಎತ್ತಿ, ನೀರಿನ ಮೇಲಿಂದಲೇ ಪಾಸ್ ಕೊಡುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ಎಸ್‌ಎಸ್‌ಎಲ್‌ಸಿ ಮುಗಿಯಿತು. ಸೇರಿದ ಕಾಲೇಜಿನಲ್ಲಿ ಹುಡುಗಿಯರ ತಂಡ ಇರಲಿಲ್ಲ. ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಅವಳೂ ಬಿಡುತ್ತೇನೆ ಅನ್ನಲಿಲ್ಲ. ಆಡಲು ತಂಡ ಇರಲಿಲ್ಲ, ಅಷ್ಟೇ. ಅವಳನ್ನು ನೆನೆದಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಇಲ್ಲಿರುವ ಮಾಸ್ತರು ಮತ್ತು ಅಕ್ಕೋರಲ್ಲಿ ಕೈಮುಗಿದು ಕೇಳುವುದು ಒಂದೇ. ಒಂದು ಕಾಲೇಜಿನಲ್ಲಿ ಹನ್ನೊಂದು ಜನ ಸಿಗದಿದ್ದರೆ ಮೂರು ಕಾಲೇಜು ಸೇರಿಸಿ. ಭಾನುವಾರ ಬೆಳಿಗ್ಗೆ ಮಾಲಾದೇವಿ ಮೈದಾನದಲ್ಲಿ ಏಳು-ಏಳು ಜನರ ಆಟ ಇಡಿ. ಶಿರಸಿಯವರು ಮಾರಿಕಾಂಬಾ ಕ್ರೀಡಾಂಗಣದಲ್ಲಿ ಇಡಿ. ಕಪ್ ಬೇಡ, ಬ್ಯಾನರ್ ಬೇಡ, ಅತಿಥಿಗಳ ಭಾಷಣವೂ ಬೇಡ. ಪ್ರತಿ ವಾರ ನಡೆಯಬೇಕು, ಅದೇ ಮುಖ್ಯ. ಮಾಜಾಳಿ ದಾಟಿದರೆ ಗೋವಾ. ಅಲ್ಲಿ ಆಡುವ ಹುಡುಗಿಯರಿದ್ದಾರೆ. ಮಡಗಾಂವ್ ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಬೆಳಿಗ್ಗೆ ಹೋಗಿ ಪಂದ್ಯ ಆಡಿ ಸಂಜೆಗೆ ಮನೆ ಸೇರಬಹುದು.

ಒಬ್ಬ ತಾಯಿ ನಡುವೆಯೇ ಎದ್ದು ಕೇಳಿದರು, ಇದರಿಂದ ಹೊಟ್ಟೆ ತುಂಬುತ್ತದಾ ಅಂತ. ಸರಿಯಾದ ಪ್ರಶ್ನೆ. ಉತ್ತರವನ್ನೂ ಸರಿಯಾಗಿ ಕೊಡಬೇಕು. ರಾಷ್ಟ್ರೀಯ ಲೀಗ್‌ನ ಕ್ಲಬ್‌ಗಳು ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿ ಕೊಡಬೇಕು ಎಂದು ಭಾರತೀಯ ಫುಟ್‌ಬಾಲ್ ಫೆಡರೇಷನ್ 2023ರಲ್ಲಿ ನಿಗದಿ ಮಾಡಿತು. ದೊಡ್ಡ ದುಡ್ಡೇನಲ್ಲ. ಆದ್ದರಿಂದ ನಮ್ಮಲ್ಲಿ ಎಷ್ಟೋ ಆಟಗಾರ್ತಿಯರನ್ನು ಆಟದಲ್ಲಿ ಉಳಿಸಿರುವುದು ಸರ್ಕಾರಿ ನೌಕರಿ. ಮಿಡ್‌ಫೀಲ್ಡರ್ ಇಂದುಮತಿ ಕದಿರೇಶನ್ ತಮಿಳುನಾಡು ಪೊಲೀಸ್ ಇಲಾಖೆಯಲ್ಲಿ ಸಬ್ ಇನ್‌ಸ್ಪೆಕ್ಟರ್. ಸಂಗೀತಾ ಬಾಸ್ಫೋರ್ ಸಶಸ್ತ್ರ ಸೀಮಾ ಬಲದಲ್ಲಿ. ಈ ಸಂಗೀತಾ ಮಾಡಿದ್ದನ್ನು ನೆನಪಿಡಿ. 2025ರ ಜುಲೈ 5, ಥಾಯ್ಲೆಂಡಿನ ಚಿಯಾಂಗ್ ಮಾಯ್. ಗೆದ್ದವರಿಗೆ ಏಷ್ಯನ್ ಕಪ್ ಆಡುವ ಅವಕಾಶ. ಎದುರಿಗೆ ಥಾಯ್ಲೆಂಡ್, ಅವರದೇ ಮೈದಾನ, ಅವರದೇ ಜನ. ಭಾರತ 2-1ರಿಂದ ಗೆದ್ದಿತು. ಎರಡೂ ಗೋಲು ಸಂಗೀತಾಳದ್ದು. ಮಿಡ್‌ಫೀಲ್ಡರ್ ಗೋಲು ಹೊಡೆಯುವುದಿಲ್ಲ ಅಂತ ನಾನು ಹೇಳಿಲ್ಲ, ಗೊತ್ತಾಯ್ತಲ್ಲ! ಅರ್ಹತಾ ಸುತ್ತಿನಲ್ಲಿ ಆಡಿ ಗೆದ್ದು ಭಾರತ ಏಷ್ಯನ್ ಕಪ್‌ಗೆ ಹೋದದ್ದು ಅದೇ ಮೊದಲು.

ಮೊಣಕಾಲಿನ ಬಗ್ಗೆ ಒಂದು ಮಾತು ಹೇಳದೆ ಬಿಡಲಾರೆ. ಓಡುತ್ತ ತಟ್ಟನೆ ತಿರುಗಿದಾಗ ಮೊಣಕಾಲಿನ ಒಳಗಿನ ಎಸಿಎಲ್ ಎಂಬ ಕಟ್ಟು ಹರಿಯಬಹುದು. ಹುಡುಗರಿಗಿಂತ ಹುಡುಗಿಯರಲ್ಲಿ ಇದು ಜಾಸ್ತಿ. ಸ್ಪೇನ್‌ನ ಅಲೆಕ್ಸಿಯಾ ಪುತೆಯಾಸ್ ಜಗತ್ತಿನ ಅತ್ಯುತ್ತಮ ಆಟಗಾರ್ತಿ ಅನ್ನಿಸಿಕೊಂಡಿದ್ದಳು. 2022ರ ಜುಲೈನಲ್ಲಿ, ಯೂರೋ ಕಪ್ ಶುರುವಾಗುವ ಹೊತ್ತಿಗೆ, ಅಭ್ಯಾಸ ಮಾಡುವಾಗ ಅವಳ ಎಡ ಮೊಣಕಾಲು ಹೋಯಿತು. ಒಂಬತ್ತು ತಿಂಗಳ ಮೇಲೆ ಮೈದಾನಕ್ಕೆ ಬಂದಳು. 2023ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದಳು. ಅವಳಿಗೆ ದೊಡ್ಡ ಕ್ಲಬ್ ಇತ್ತು, ವೈದ್ಯರಿದ್ದರು. ನಮ್ಮ ಹುಡುಗಿಯರ ಪಾಲಿಗೆ ಗುಂಡಿ ಬಿದ್ದ ಮೈದಾನ, ಸವೆದ ಸ್ಟಡ್. ಹಾಗಾಗಿ ಆಟಕ್ಕೆ ಮೊದಲು ಇಪ್ಪತ್ತು ನಿಮಿಷ ಕೊಡಿ. ಫಿಫಾದವರು '11+' ಎಂಬ ವಾರ್ಮ್ ಅಪ್ ಕ್ರಮ ಮಾಡಿಟ್ಟಿದ್ದಾರೆ. ಒಂಟಿ ಕಾಲಿನಲ್ಲಿ ನಿಲ್ಲುವುದು, ಕುಕ್ಕುರು ಕೂತು ಏಳುವುದು, ನೆಗೆದು ಮೊಣಕಾಲು ಒಳಗೆ ವಾಲದಂತೆ ಇಳಿಯುವುದು. ಸಲಕರಣೆ ಏನೂ ಬೇಡ. ತಪ್ಪದೆ ಮಾಡಿದ ತಂಡಗಳಲ್ಲಿ ಗಾಯ ಕಡಿಮೆಯಾಗಿದೆ. ಅಕ್ಕೋರೇ, ಲೇಟಾಯಿತು ಅಂತ ಇದನ್ನು ಮಾತ್ರ ಬಿಡಬೇಡಿ.

ಹುಡುಗಿಯರಿಗೆ ಒಂದು ಕೆಲಸ ಕೊಟ್ಟು ನಿಲ್ಲಿಸುತ್ತೇನೆ. 2027ರ ಮಹಿಳಾ ವಿಶ್ವಕಪ್ ಬ್ರೆಜಿಲ್‌ನಲ್ಲಿ. ಜೂನ್-ಜುಲೈ, ನಮಗೆ ಜೋರು ಮಳೆ, ಮೈದಾನಕ್ಕೆ ಹೋಗುವ ಹಾಗಿಲ್ಲ. ಪಂದ್ಯಗಳು ನಮ್ಮ ರಾತ್ರಿ ಹೊತ್ತಿಗೆ, ಬೆಳಗಿನ ಜಾವಕ್ಕೆ ಬರುತ್ತವೆ. ಆಯಿ ಹತ್ತಿರ ಮೊದಲೇ ಹೇಳಿ ಒಪ್ಪಿಸಿಡಿ. ಪಂದ್ಯದಲ್ಲಿ ಹತ್ತು ನಿಮಿಷ ಚೆಂಡನ್ನು ನೋಡಬೇಡಿ. ನಡುವೆ ಆಡುವ ಒಬ್ಬಳನ್ನು ಆರಿಸಿಕೊಂಡು ಅವಳನ್ನೇ ನೋಡಿ. ಚೆಂಡು ಬರುವ ಮುಂಚೆ ಎಷ್ಟು ಸಲ ಹಿಂದೆ ತಿರುಗಿದಳು, ಯಾವ ಕಾಲಿನಿಂದ ಮುಟ್ಟಿದಳು, ಚೆಂಡು ಕೊಟ್ಟ ಮೇಲೆ ಎಲ್ಲಿಗೆ ಓಡಿದಳು. ನೋಟ್‌ಬುಕ್ಕಿನಲ್ಲಿ ಬರೆದಿಡಿ, ಮಳೆ ಬಿಟ್ಟ ಮೊದಲ ಭಾನುವಾರ ಮೈದಾನಕ್ಕೆ ತನ್ನಿ.